ಎಂಜಿನ್ ಪ್ಲಸ್ ಮೂರು ಅಂದರೂ ಆಟ ಡ್ರಾ ಆಗುವುದು ಯಾಕೆ?

ಪ್ರಶ್ನೆ: ನನ್ನ ಹತ್ತಿರ ಆನೆ, ಒಂಟೆ. ಎದುರಾಳಿ ಹತ್ತಿರ ರಾಣಿ. ಕಾಲಾಳುಗಳು ಇಬ್ಬರಿಗೂ ಅಷ್ಟಷ್ಟೇ. ಆಟ ಮುಗಿದ ಮೇಲೆ ಮೊಬೈಲ್‌ನಲ್ಲಿರುವ ಚೆಸ್ ಎಂಜಿನ್‌ಗೆ, ಅಂದರೆ ನಡೆಗಳ ಲೆಕ್ಕ ಹಾಕುವ ಪ್ರೋಗ್ರಾಂಗೆ, ಹಾಕಿ ನೋಡಿದರೆ ಎದುರಾಳಿಗೆ ಪ್ಲಸ್ ಮೂರು, ಅಂದರೆ ಅವರದ್ದೇ ಮೇಲುಗೈ, ಅಂತ ತೋರಿಸಿತು. ಆದರೆ ಅವರು ಎಷ್ಟು ತಿಣುಕಿದರೂ ಒಳಗೆ ನುಗ್ಗಲು ಆಗಲಿಲ್ಲ, ಡ್ರಾ ಆಯಿತು. ವಿಶ್ವ ಚಾಂಪಿಯನ್ನರನ್ನೇ ಸೋಲಿಸುವ ಎಂಜಿನ್ ಇಂಥ ಕಡೆ ಲೆಕ್ಕ ತಪ್ಪುತ್ತದಾ?

ತಪ್ಪುತ್ತದೆ. ಆದರೆ ಜನ ಅಂದುಕೊಂಡಷ್ಟು ಸಲ ಅಲ್ಲ, ಅಂದುಕೊಂಡ ಜಾಗದಲ್ಲೂ ಅಲ್ಲ. ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಬೆಲೆಪಟ್ಟಿ. ಕಾಲಾಳು 1, ಕುದುರೆ 3, ಒಂಟೆ 3, ಆನೆ 5, ರಾಣಿ 9. ಚೆಸ್ ಕಲಿತವರಿಗೆಲ್ಲ ಇದು ಬಾಯಿಪಾಠ. ಕಂಪ್ಯೂಟರ್‌ಗೆ ಚೆಸ್ ಆಡಿಸುವುದು ಹೇಗೆ ಅಂತ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1950ರಲ್ಲಿ ಬರೆದ ಲೇಖನದಲ್ಲೂ ಇದೇ ಪಟ್ಟಿ ಇದೆ, ರಾಜನಿಗೆ 200 ಸೇರಿಸಿ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಕಾಗದದ ಮೇಲೆ ಬರೆದ ಪ್ರೋಗ್ರಾಂನಲ್ಲಿ ಒಂಟೆಗೆ 3.5, ರಾಣಿಗೆ 10. ಶುರುವಿನಲ್ಲೇ ಇಬ್ಬರು ಘಟಾನುಘಟಿಗಳಿಗೆ ಬೆಲೆಯ ಬಗ್ಗೆ ಒಮ್ಮತ ಇರಲಿಲ್ಲ, ನೋಡಿ.

ರಾಣಿಯ ಬೆಲೆ 9 ಆದರೇನು, 10 ಆದರೇನು? ಇಬ್ಬರ ಹತ್ತಿರವೂ ರಾಣಿ ಇರುವವರೆಗೆ ಏನೂ ಆಗುವುದಿಲ್ಲ. ನನ್ನ ರಾಣಿಗೂ ನಿಮ್ಮ ರಾಣಿಗೂ ವಜಾ ಆಗಿ ಹೋಗುತ್ತದೆ. ಪಟ್ಟಿಯಲ್ಲಿ ತಪ್ಪಾಗಿ 14 ಅಂತ ಬರೆದಿದ್ದರೂ ವ್ಯತ್ಯಾಸ ಸೊನ್ನೆಯೇ. ಆದರೆ ಒಂದು ಕಡೆ ರಾಣಿ, ಇನ್ನೊಂದು ಕಡೆ ಆನೆ ಮತ್ತು ಒಂಟೆ ನಿಂತವು ಅನ್ನಿ. ಆಗ ವಜಾ ಆಗುವುದಕ್ಕೆ ಏನೂ ಇಲ್ಲ. ಪಟ್ಟಿಯಲ್ಲಿದ್ದ ತಪ್ಪು ಅಷ್ಟೂ ಅಂಕಿಯೊಳಗೆ ಬಂದು ಕೂರುತ್ತದೆ. ಕಾಯಿಗಳು ಸಮ ಇಲ್ಲದ ಆಟದಲ್ಲಿ ಎಂಜಿನ್ ಎಡವುವುದಕ್ಕೆ ಮೂಲ ಕಾರಣ ಇದೇ.

ಒಂದು ಉದಾಹರಣೆ. ಬಿಳಿಯ ಒಂಟೆ ಸಿ4ರಲ್ಲಿ, ಕುದುರೆ ಜಿ5ರಲ್ಲಿ (ಅಕ್ಷರ ಉದ್ದ ಸಾಲಿನ ಹೆಸರು, ಅಂಕಿ ಅಡ್ಡ ಸಾಲಿನದು). ಕಪ್ಪು ಕ್ಯಾಸ್ಲಿಂಗ್ ಮಾಡಿಕೊಂಡಿದೆ, ಅಂದರೆ ರಾಜನನ್ನು ಮೂಲೆಯ ಕಡೆಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತಂದಿದೆ. ಎರಡೂ ಕಾಯಿ ಎಫ್7 ಕಾಲಾಳಿನ ಮೇಲೆ ಕಣ್ಣಿಟ್ಟಿವೆ. ಹೊಸಬರು ತಡೆಯದೆ ಕುದುರೆಯಿಂದ ಹೊಡೆಯುತ್ತಾರೆ, ಆನೆ ಕುದುರೆಯನ್ನು ತೆಗೆಯುತ್ತದೆ, ಒಂಟೆ ಆನೆಯನ್ನು ತೆಗೆಯುತ್ತದೆ, ರಾಜ ಒಂಟೆಯನ್ನು ತೆಗೆಯುತ್ತಾನೆ. ಲೆಕ್ಕ ಹಾಕಿ: ಕೊಟ್ಟಿದ್ದು 3+3, ಸಿಕ್ಕಿದ್ದು 1+5. ಆರಕ್ಕೆ ಆರು, ಸರಿಯಾಯ್ತಲ್ಲ! ಆದರೆ ಯಾವ ಕೋಚ್ ಬಳಿ ಕೇಳಿದರೂ ಬೈಗುಳ ಗ್ಯಾರಂಟಿ. ಆಟದ ಶುರುವಿನಲ್ಲಿ ಆನೆಗೆ ಓಡಾಡಲು ಖಾಲಿ ಸಾಲೇ ಇರುವುದಿಲ್ಲ. ಕುದುರೆ, ಒಂಟೆ ಮಾತ್ರ ಆಗಲೇ ಕೆಲಸಕ್ಕೆ ಇಳಿದಿರುತ್ತವೆ. ಹಳೆಯ ಬೆಲೆಪಟ್ಟಿ ಇಟ್ಟುಕೊಂಡ ಪ್ರೋಗ್ರಾಂಗೆ ಈ ವಿನಿಮಯದಲ್ಲಿ ನಷ್ಟ ಕಾಣುವುದೇ ಇಲ್ಲ.

ಇದನ್ನು ಸರಿಪಡಿಸಲು ಕೂತವರಲ್ಲಿ ದೊಡ್ಡ ಹೆಸರು ಅಮೆರಿಕದ ಚೆಸ್ ಆಟಗಾರ ಲ್ಯಾರಿ ಕಾಫ್‌ಮನ್. ಬಲವಾದ ಆಟಗಾರರ ಆಟಗಳ ರಾಶಿಯನ್ನೇ ಜಾಲಾಡಿ, ಯಾವ ಕಾಯಿಗೆ ಯಾವುದು ಸಮ ಅಂತ 1999ರಲ್ಲಿ ಲೆಕ್ಕ ಕೊಟ್ಟರು. ಕುದುರೆಗೂ ಒಂಟೆಗೂ 3.25, ಆನೆಗೆ 5, ರಾಣಿಗೆ 9.75. ಎರಡೂ ಒಂಟೆ ಕೈಯಲ್ಲಿದ್ದರೆ ಅದಕ್ಕೆ ಬೇರೆಯಾಗಿ ಅರ್ಧ ಕಾಲಾಳು. ಈ ಪಟ್ಟಿ ಹಿಡಿದು ಎಫ್7 ವ್ಯಾಪಾರ ನೋಡಿದರೆ ಬಿಳಿ ಒಂದು ಕಾಲಾಳಿನಷ್ಟು ಕಳೆದುಕೊಂಡಿದೆ. ಇನ್ನೂ ಒಂದು ಒಳ್ಳೆ ಮಾತು ಅವರು ಹೇಳಿದ್ದರು. ಹಲಗೆ ಮೇಲೆ ಕಾಲಾಳು ಜಾಸ್ತಿ ಇದ್ದಷ್ಟೂ ಕುದುರೆ ಬೆಲೆ ಏರುತ್ತದೆ, ಆನೆ ಬೆಲೆ ಇಳಿಯುತ್ತದೆ. ಅಂದರೆ ಕಾಯಿಗೆ ಸ್ವಂತ ಬೆಲೆ ಅಂತ ಇಲ್ಲ, ಸುತ್ತ ಯಾರಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸೈಟಿಗೆ ಸರ್ಕಾರ ಕಟ್ಟಿದ ಮಾರ್ಗಸೂಚಿ ದರಕ್ಕೂ ಅದು ನಿಜವಾಗಿ ಮಾರಾಟ ಆಗುವ ಬೆಲೆಗೂ ಇರುವ ಸಂಬಂಧವೇ ಇಲ್ಲೂ ಇರುವುದು.

ಮುಂದೆ ಸ್ಟಾಕ್‌ಫಿಶ್‌ನಂಥ ಎಂಜಿನ್‌ಗಳು ಇದನ್ನು ಇನ್ನೂ ಬೆಳೆಸಿದವು. ಎರಡು ಆನೆ ಒಟ್ಟಿಗೆ ಇದ್ದರೆ ಇಷ್ಟು ಕಳೆ, ಎದುರಿಗೆ ರಾಣಿ ಇದ್ದರೆ ಇಷ್ಟು ಕೂಡು ಅಂತ ಕಾಯಿಗಳ ಜೋಡಿಜೋಡಿಗೂ ಬೇರೆ ಅಂಕಿ ಇಟ್ಟ ಒಂದು ಕೋಷ್ಟಕವೇ ಅದರಲ್ಲಿತ್ತು. ಆದರೂ ಅದು ಸರಾಸರಿಯೇ. ಸರಾಸರಿ ಸರಿ ಇದ್ದರೂ ನಿಮ್ಮ ಮುಂದಿರುವ ಹಲಗೆ ಸರಾಸರಿ ಹಲಗೆ ಆಗಿರಬೇಕಲ್ಲ?

1962ರಲ್ಲಿ ರಷ್ಯಾದ ರೊಸ್ತೊವ್‌ನಲ್ಲಿ ನೆಜ್‌ಮೆಟ್ಡಿನೋವ್ (ಬಿಳಿ) ಮತ್ತು ಚೆರ್ನಿಕೋವ್ (ಕಪ್ಪು) ಆಡಿದ ಆಟ ಇದಕ್ಕೆ ಸಾಕ್ಷಿ. 11ನೇ ನಡೆಯಲ್ಲಿ ಚೆರ್ನಿಕೋವ್ ತಮ್ಮ ಒಂಟೆಯನ್ನು ಎಫ್6ಕ್ಕೆ ತಂದು ಬಿಳಿಯ ರಾಣಿಯನ್ನು ಅಟ್ಟಿದರು. ರಾಣಿ ಪಕ್ಕಕ್ಕೆ ಸರಿದರೆ ಒಂಟೆ ವಾಪಸ್, ಮತ್ತೆ ಅದೇ. ಸುಮ್ನೆ ಡ್ರಾ ಮಾಡಿಕೊಂಡು ಮನೆಗೆ ಹೋಗುವ ಉಪಾಯ. ನೆಜ್‌ಮೆಟ್ಡಿನೋವ್ ರಾಣಿಯಿಂದಲೇ ಆ ಒಂಟೆಯನ್ನು ಹೊಡೆದುಬಿಟ್ಟರು. ರಾಣಿ ಹೋಯಿತು, ಬದಲಿಗೆ ಸಿಕ್ಕಿದ್ದು ಒಂದು ಒಂಟೆ, ಒಂದು ಕುದುರೆ. ಹಳೆ ಪಟ್ಟಿ ಪ್ರಕಾರ ಮೂರು ಅಂಕ ನಷ್ಟ. ಆದರೆ ಕಪ್ಪಿನ ರಾಜನ ಸುತ್ತ ಇದ್ದ ಕಪ್ಪು ಮನೆಗಳನ್ನು ಕಾಯುತ್ತಿದ್ದ ಒಂಟೆಯೇ ಈಗ ಇಲ್ಲ. ಬಿಳಿಯ ಕುದುರೆ ಡಿ5ಕ್ಕೆ, ಒಂಟೆ ಡಿ4ಕ್ಕೆ ಬಂದು ಎಫ್6ರ ಮೇಲೆ ಜೋತುಬಿದ್ದವು. ಕಪ್ಪಿನ ರಾಣಿಗೆ ಮಾಡಲು ಕೆಲಸವೇ ಸಿಗಲಿಲ್ಲ. ಬಿಳಿಯೇ ಗೆದ್ದಿತು. ಇಲ್ಲಿ ಲಾಭ ಸಿಗುವುದು ಎಷ್ಟೋ ನಡೆಗಳ ನಂತರ. ಎಂಜಿನ್ ನೋಡುವ ದೂರ ಅದಕ್ಕಿಂತ ಗಿಡ್ಡ ಆಗಿದ್ದರೆ ಅದಕ್ಕೆ ಕಾಣುವುದು ಮೂರು ಅಂಕದ ನಷ್ಟ ಮಾತ್ರ.

ಇದೆಲ್ಲ ಹಳೆ ಕಥೆ ಅಂತ ಯಾರಾದರೂ ಅಂದರೆ ಮುಕ್ಕಾಲು ಪಾಲು ಒಪ್ಪುತ್ತೇನೆ. ಚೆಸ್‌ನಂಥದ್ದೇ ಆದ ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು 2018ರಲ್ಲಿ ಮಾಡಿದ ಒಂದು ಪುಟ್ಟ, ಚುರುಕಾದ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ತಾನೇ ಕಲಿಯುವ ಪ್ರೋಗ್ರಾಂ) ವಿಧಾನವನ್ನು ಸ್ಟಾಕ್‌ಫಿಶ್ 12 ಎರವಲು ತಂದಿತು. ಅದು 2020ರ ಸೆಪ್ಟೆಂಬರ್. ಇದರಲ್ಲಿ ಪ್ರತಿ ಕಾಯಿಯನ್ನೂ ರಾಜ ಎಲ್ಲಿದ್ದಾನೆ ಅನ್ನುವುದರ ಜೊತೆಗೇ ಅಳೆಯುತ್ತಾರೆ. ಹಾಗಾಗಿ ಅದೇ ಕುದುರೆ ಒಂದು ಹಲಗೆಯಲ್ಲಿ ಚಿನ್ನ, ಇನ್ನೊಂದರಲ್ಲಿ ದಂಡ. 2024ರ 16.1 ಆವೃತ್ತಿಯ ಹೊತ್ತಿಗೆ ಮನುಷ್ಯರು ಕೈಯಾರೆ ಬರೆದ ಹಳೆಯ ಅಳತೆಗಳನ್ನೆಲ್ಲ ಕಿತ್ತು ಹಾಕಿದರು. ಈಗ ಆಟದ ನಡುವೆ ರಾಣಿ ಬಲಿ, ಆನೆ ಬಲಿ ಬಂದರೆ ಎಂಜಿನ್ ನಮ್ಮ ನಿಮ್ಮಂಥವರಿಗಿಂತ ಬಹಳ ಚೆನ್ನಾಗಿಯೇ ತೂಗುತ್ತದೆ. ಅಲ್ಲಿ ಅದರ ಜೊತೆ ವಾದಕ್ಕಿಳಿಯುವ ಮೊದಲು ಎರಡು ಸಲ ಯೋಚಿಸಿ.

ತಮಾಷೆ ಏನಂದರೆ, ಬೆಲೆಪಟ್ಟಿ ಹಿಂಬಾಗಿಲಿನಿಂದ ಮತ್ತೆ ಬಂತು. ಅದೇ 16.1ರಲ್ಲಿ ಎರಡು ನೆಟ್‌ವರ್ಕ್ ಇಟ್ಟರು, ಒಂದು ದೊಡ್ಡದು, ಒಂದು ಚಿಕ್ಕದು. ಒಂದು ಕಡೆ ಕಾಯಿಗಳು ಬಹಳ ಜಾಸ್ತಿ ಇದ್ದರೆ ಅದು ಹೇಗೂ ಇತ್ಯರ್ಥ ಆದ ಆಟ, ಚಿಕ್ಕದೇ ಸಾಕು, ಸಮಯ ಉಳಿಯುತ್ತದೆ ಅನ್ನುವ ಲೆಕ್ಕ. ಯಾವ ಹಲಗೆ ಯಾವುದಕ್ಕೆ ಅಂತ ತೀರ್ಮಾನ ಮಾಡುವುದು? ಕಾಯಿಗಳ ಬೆಲೆ ಕೂಡಿ ಕಳೆದು! ಬಹುತೇಕ ಆಟಗಳಿಗೆ ಇದು ಸರಿಯಾದ ಜಾಣತನವೇ.

ಇನ್ನು ಆ ಪ್ಲಸ್ ಮೂರರ ಅರ್ಥ. ಅದು ಮೂರು ಕಾಲಾಳು ಜಾಸ್ತಿ ಅಂತ ಅಲ್ಲ. 2022ರ ಕೊನೆಗೆ ಬಂದ ಸ್ಟಾಕ್‌ಫಿಶ್ 15.1ರಿಂದ ಅಂಕಿಯನ್ನು ಬೇರೆ ರೀತಿ ಹೊಂದಿಸಿದ್ದಾರೆ. ಪ್ಲಸ್ ಒಂದು ಅಂದರೆ, ಎಂಜಿನ್ ತನ್ನ ವಿರುದ್ಧ ತಾನೇ ಆಡಿದರೆ ಆ ಸ್ಥಿತಿಯಿಂದ ಗೆಲ್ಲುವ ಸಾಧ್ಯತೆ ಶೇ. 50. ತನ್ನ ವಿರುದ್ಧ ತಾನೇ! ನಿಮ್ಮ ಎದುರಾಳಿ ಆ ಎಂಜಿನ್ ಅಲ್ಲ. ರಾಣಿ ಇಟ್ಟುಕೊಂಡು ಆನೆ-ಒಂಟೆಯ ವಿರುದ್ಧ ಗೆಲ್ಲುವುದು ತಾಳ್ಮೆಯ ಕೆಲಸ, ಐವತ್ತು ನಡೆ ಬೇಕಾಗಬಹುದು. ಎಂಜಿನ್ ಕೈಯಲ್ಲಿ ಗೆಲುವಾಗಿದ್ದು ಕ್ಲಬ್ ಆಟಗಾರನ ಕೈಯಲ್ಲಿ ಡ್ರಾ ಆದರೆ ಎಂಜಿನ್ ತಪ್ಪು ಹೇಳಿತು ಅನ್ನಲಾಗದು.

ಹಾಗಾದರೆ ನಿಜವಾದ ತಪ್ಪು ಎಲ್ಲಿ? ಕೋಟೆಯಲ್ಲಿ. ಬಲಹೀನ ಕಡೆಯವರು ಎದುರಾಳಿ ನುಗ್ಗಲಾಗದಂತೆ ಕಾಯಿಗಳನ್ನು ಜೋಡಿಸಿಕೊಂಡು, ಒಂದೇ ಕಾಯಿಯನ್ನು ಹಿಂದೆ ಮುಂದೆ ಆಡಿಸುತ್ತಾ ಕೂರುವುದು. ಚಿಕ್ಕ ಉದಾಹರಣೆ: ಕಪ್ಪಿನ ಕಾಲಾಳು ಜಿ7ರಲ್ಲಿ, ರಾಜ ಅದರ ಬೆನ್ನಿಗೆ, ಆನೆ ಎಫ್6ರಲ್ಲಿ. ಬಿಳಿಗೆ ರಾಜ, ರಾಣಿ. ಕಪ್ಪಿನ ಆನೆ ಎಫ್6ರಿಂದ ಎಚ್6ಕ್ಕೆ, ಎಚ್6ರಿಂದ ಎಫ್6ಕ್ಕೆ. ಎರಡು ಮನೆಯನ್ನೂ ಜಿ7 ಕಾಲಾಳು ಕಾಯುತ್ತದೆ, ಕಾಲಾಳನ್ನು ರಾಜ ಕಾಯುತ್ತಾನೆ. ರಾಣಿ ಎಷ್ಟೇ ಚೆಕ್ ಕೊಟ್ಟರೂ ಏನೂ ಹರಿಯದು. ಒಂಬತ್ತಕ್ಕೆ ಎದುರು ಆರು, ಆದರೆ ಆಟ ಡ್ರಾ.

ಇದರ ದೊಡ್ಡಣ್ಣ 2017ರಲ್ಲಿ ಬಂತು. ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಹೆಸರಿನ ಸಂಸ್ಥೆ ಒಂದು ಹಲಗೆಯನ್ನು ಜನರ ಮುಂದಿಟ್ಟಿತು. ಕಪ್ಪಿಗೆ ರಾಣಿ, ಎರಡು ಆನೆ, ಮೂರು ಒಂಟೆ, ಐದು ಕಾಲಾಳು. ಬಿಳಿಗೆ ರಾಜನ ಜೊತೆ ನಾಲ್ಕೇ ಕಾಲಾಳು. ಪಟ್ಟಿ ಪ್ರಕಾರ 33ಕ್ಕೆ ಎದುರು 4. ಆಗಿನ ಎಂಜಿನ್‌ಗಳು ಕಪ್ಪಿಗೆ ಭಾರೀ ಗೆಲುವು ಅಂದವು. ಆದರೆ ಹಲಗೆಯನ್ನು ಒಂದು ನಿಮಿಷ ದಿಟ್ಟಿಸಿ ನೋಡಿ. ಕಪ್ಪಿನ ರಾಜ, ರಾಣಿ, ಆನೆಗಳು ಎಡ ಅಂಚಿನಲ್ಲಿ ತಮ್ಮದೇ ಕಾಲಾಳುಗಳ ನಡುವೆ ಸಿಕ್ಕಿಕೊಂಡಿವೆ, ಒಂದಕ್ಕೂ ಆಡಲು ನಡೆ ಇಲ್ಲ. ಓಡಾಡಬಲ್ಲವು ಮೂರು ಒಂಟೆ ಮಾತ್ರ, ಮೂರೂ ಕಪ್ಪು ಮನೆಯವೇ. ಬಿಳಿಯ ನಾಲ್ಕು ಕಾಲಾಳೂ ಬಿಳಿ ಮನೆಯಲ್ಲಿವೆ. ಬಿಳಿಯ ರಾಜ ಬಿಳಿ ಮನೆಗಳಲ್ಲೇ ಅಡ್ಡಾಡುತ್ತಿದ್ದರೆ ಅವನನ್ನು ಮುಟ್ಟುವವರೇ ಇಲ್ಲ. ಬಿಳಿಗೆ ಆನೆಯನ್ನು ಹೊಡೆಯುವ ಅವಕಾಶ ಕೂಡ ಇದೆ. ಆಸೆಗೆ ಬಿದ್ದು ಹೊಡೆದರೆ ಒಳಗಿದ್ದವರೆಲ್ಲ ಹೊರಗೆ ಬರುತ್ತಾರೆ. ಹೊಡೆಯದೆ ಸುಮ್ಮನಿದ್ದರೆ ಐವತ್ತು ನಡೆಯ ನಿಯಮಕ್ಕೆ (ಯಾವ ಕಾಯಿಯೂ ಹೊಡೆತ ತಿನ್ನದೆ, ಯಾವ ಕಾಲಾಳೂ ಕದಲದೆ ಐವತ್ತು ನಡೆ ಕಳೆದರೆ ಆಟ ಸಮ) ಡ್ರಾ.

ಇದು ಎಂಜಿನ್‌ಗೆ ಯಾಕೆ ಹೊಳೆಯಲಿಲ್ಲ? ಅದು ಮುಂದಿನ ನಡೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಸಮಯ ಸಾಲದಾದಾಗ ಅಲ್ಲಿಗೆ ನಿಲ್ಲಿಸಿ, ಆ ಹಲಗೆಗೆ ಒಂದು ಅಂದಾಜು ಅಂಕಿ ಕೊಡುತ್ತದೆ. ಒಂಟೆ ಎಲ್ಲಿಗೆ ಹೋದರೂ ಕೊನೆಯಲ್ಲಿ ಕಪ್ಪಿಗೆ ಅಷ್ಟೇ ಕಾಯಿ ಜಾಸ್ತಿ ಇರುತ್ತದೆ. ಐವತ್ತು ನಡೆ ಅಂದರೆ ಎರಡೂ ಕಡೆ ಸೇರಿ ನೂರು. ಮೂರು ಒಂಟೆಗಳಿಗೆ ಪ್ರತಿ ಸಲವೂ ಹತ್ತಾರು ದಾರಿ. ಅಷ್ಟನ್ನೂ ಕೊನೆ ಮುಟ್ಟಿಸಲು ಆಗುವುದಿಲ್ಲ. ‘ಇಲ್ಲಿ ಯಾವ ಕಾಲಾಳೂ ಇನ್ನು ಕದಲುವುದಿಲ್ಲ’ ಅನ್ನುವ ಒಂದೇ ಸಾಲಿನ ಮಾತು ನಮಗೆ ಸಾಕು. ನಡೆ ಎಣಿಸುವ ಯಂತ್ರಕ್ಕೆ ಅಂಥ ಸಾಲು ತಾನಾಗಿ ಸಿಗುವುದಿಲ್ಲ. ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಸಾಮಾನ್ಯ ಕೋಟೆಗಳ ವಾಸನೆ ಹಿಡಿಯುವುದು ಸುಧಾರಿಸಿದೆ. ಆದರೆ ಅದು ಕಲಿತಿರುವುದು ಆಟಗಳಿಂದ. ಆಟಗಳಲ್ಲಿ ಅಪರೂಪಕ್ಕೆ ಬರುವ ಜೋಡಣೆ ಬಂದರೆ ಇವತ್ತಿಗೂ ತಡವರಿಸುತ್ತದೆ.

ಮನುಷ್ಯರೂ ಇದರಲ್ಲಿ ಸಾಚಾ ಅಲ್ಲ. ಎರಡು ಒಂಟೆಗಳ ವಿರುದ್ಧ ಒಂಟಿ ಕುದುರೆ ಕೋಟೆ ಕಟ್ಟಬಹುದು ಅಂತ ಚೆಸ್ ಲೇಖಕರಾದ ಕ್ಲಿಂಗ್ ಮತ್ತು ಹೋರ್ವಿಟ್ಜ್ 1851ರಲ್ಲಿ ಬರೆದಿದ್ದನ್ನು ನೂರಮೂವತ್ತು ವರ್ಷ ಎಲ್ಲರೂ ನಂಬಿದ್ದರು. 1983ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕಂಪ್ಯೂಟರ್‌ನಲ್ಲಿ ಎಲ್ಲ ಸ್ಥಿತಿಗಳನ್ನೂ ಬಿಡಿಸಿ ತೋರಿಸಿದರು. ಸಾಮಾನ್ಯವಾಗಿ ಒಂಟೆಗಳದ್ದೇ ಗೆಲುವು, ಕೆಲವು ಸಲ 66 ನಡೆ ಹಿಡಿಯುತ್ತದೆ ಅಷ್ಟೇ. ಕೋಟೆ ಅಂತ ನಮಗೆ ಕಂಡಿದ್ದೆಲ್ಲ ಕೋಟೆ ಅಲ್ಲ.

ಈಗ ನಿಮ್ಮ ಆಟಕ್ಕೆ ಬರೋಣ. ಹಲಗೆ ಮೇಲೆ ರಾಜರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಎಂಜಿನ್ ಬೇಡ, ಟೇಬಲ್‌ಬೇಸ್ ನೋಡಿ. ಅಲ್ಲಿರುವುದು ಅಂದಾಜು ಅಲ್ಲ, ಪೂರ್ತಿ ಬಿಡಿಸಿದ ಉತ್ತರ. ಕಾಯಿ ಜಾಸ್ತಿ ಇದ್ದರೆ ಬೇರೆ ದಾರಿ: ಎಂಜಿನ್ ಹೇಳುವ ನಡೆಗಳನ್ನೇ ಎರಡೂ ಕಡೆ ಇಪ್ಪತ್ತು ಮೂವತ್ತು ಸಲ ಆಡಿಸಿ, ಅಂಕಿ ಏನಾಗುತ್ತದೆ ಗಮನಿಸಿ. ನಿಜವಾದ ಗೆಲುವಾದರೆ ಮೂರು ಇದ್ದದ್ದು ನಾಲ್ಕು, ಐದು ಅಂತ ಏರುತ್ತಾ ಹೋಗುತ್ತದೆ. ಮೂರರಲ್ಲೇ ಕೂತು, ರಾಣಿ ಅಲ್ಲಿಂದಿಲ್ಲಿಗೆ ಸುಮ್ನೆ ತಿರುಗುತ್ತಿದ್ದರೆ ಅನುಮಾನ ಪಡಿ. ಐವತ್ತು ನಡೆಯ ಎಣಿಕೆ ಹತ್ತಿರ ಬಂದಂತೆ ಸ್ಟಾಕ್‌ಫಿಶ್ ತಾನೇ ಅಂಕಿಯನ್ನು ಇಳಿಸುತ್ತದೆ, ಅದೂ ಒಂದು ಸುಳಿವು.

ಕೊನೆಗೆ ಕಾಲಾಳುಗಳನ್ನು ನೋಡಿ. ಎದುರಾಳಿಗೆ ಇನ್ನೊಂದು ಕಾಲಾಳು ತಳ್ಳಿ ಬಾಗಿಲು ಒಡೆಯುವ ಜಾಗ ಎಲ್ಲಾದರೂ ಉಳಿದಿತ್ತಾ? ಉಳಿದಿದ್ದರೆ ಎಂಜಿನ್ ಹೇಳಿದ್ದೇ ಸರಿ ಇರುವ ಸಂಭವ ಜಾಸ್ತಿ, ಅವರಿಗೆ ಅದು ಕಾಣಲಿಲ್ಲ. ಎಲ್ಲ ಕಾಲಾಳೂ ಮುಖಾಮುಖಿ ಸಿಕ್ಕಿಕೊಂಡು, ನಿಮ್ಮ ಆನೆ-ಒಂಟೆ ಒಂದನ್ನೊಂದು ಕಾಯುತ್ತಾ, ನಿಮಗೆ ಆಡಲು ಸದಾ ಒಂದು ನಿರುಪದ್ರವಿ ನಡೆ ಇತ್ತು ಅಂದರೆ, ಆ ಪ್ಲಸ್ ಮೂರನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೇಡ.