ಶಬ್ದದ ಅತಿಸಂವೇದನೆ

ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಹಚ್ಚಿದ ಮೊದಲ ರಾತ್ರಿ ಅದರ ಗದ್ದಲಕ್ಕೆ ನಿದ್ದೆ ಹತ್ತುವುದಿಲ್ಲ. ನಾಲ್ಕನೆಯ ರಾತ್ರಿ ಸದ್ದು ಅಷ್ಟೇ ಇರುತ್ತದೆ, ನಮಗೆ ಕೇಳಿಸುವುದೇ ಇಲ್ಲ. ಕರೆಂಟ್ ಹೋಗಿ ಅದು ನಿಂತಾಗಲೇ ಎಚ್ಚರ. ಕಿವಿಯೇನೂ ಮಂದವಾಗಿಲ್ಲ. ಇದರಿಂದ ಅಪಾಯವಿಲ್ಲ ಎಂದು ಮಿದುಳು ಆ ಸದ್ದನ್ನು ಲೆಕ್ಕದಿಂದ ಬಿಟ್ಟಿದೆ. ರೂಢಿಯಾಗುವುದು ಎಂದರೆ ಇದೇ.

ಈ ರೂಢಿ ಬಾರದ ಸ್ಥಿತಿಯೇ ಶಬ್ದದ ಅತಿಸಂವೇದನೆಯ ಒಂದು ದೊಡ್ಡ ಭಾಗ. ಇತರರೊಡನೆ ಬೆರೆಯುವ, ಮಾತಾಡುವ ರೀತಿ ಬಾಲ್ಯದಿಂದಲೇ ಬೇರೆಯಾಗಿರುವ ಆಟಿಸಂ (ಸ್ವಲೀನತೆ) ಇರುವ ಎಲ್ಲರಲ್ಲೂ ಇದು ಕಾಣುವುದಿಲ್ಲ, ಆದರೆ ಬಹಳ ಮಂದಿಯಲ್ಲಿ ಕಾಣುತ್ತದೆ. ಶ್ರವಣ ಪರೀಕ್ಷೆಯಲ್ಲಿ ಕಿವಿ ಸರಿಯಾಗಿಯೇ ಇರಬಹುದು. ಆಟಿಸಂ ಕುರಿತ ಮೊದಮೊದಲ ವಿವರಣೆ ಕೊಟ್ಟ ಮನೋವೈದ್ಯ ಲಿಯೊ ಕ್ಯಾನರ್ 1943ರ ತಮ್ಮ ಪ್ರಬಂಧದಲ್ಲೇ ಜೋರು ಸದ್ದಿಗೆ ಬೆದರುವ ಮಕ್ಕಳನ್ನು ವರ್ಣಿಸಿದ್ದರು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಇಂಥ ಸಂವೇದನೆಯ ಏರುಪೇರನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿಕೊಂಡದ್ದು 2013ರಲ್ಲಿ. ತಡವಾಯಿತು ಎಂದೇ ನನಗನ್ನಿಸುತ್ತದೆ.

ಮಿದುಳಿನಲ್ಲಿ ಆಗುವುದೇನು? 2015ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್‌ನ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳನ್ನೂ ಹದಿಹರೆಯದವರನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ವಾಹನಗಳ ಗದ್ದಲ ಕೇಳಿಸಿದರು, ಚುಚ್ಚುವ ಉಣ್ಣೆಬಟ್ಟೆಯನ್ನು ಮೈಗೆ ತಾಗಿಸಿದರು. (ಆ ಯಂತ್ರದ ಸದ್ದೇ ಸಣ್ಣದಲ್ಲ, ಅದರೊಳಗೆ ಮಲಗಿದವರು ಗಟ್ಟಿಗರೇ ಸರಿ.) ಅತಿಸಂವೇದನೆ ಹೆಚ್ಚಿದ್ದವರಲ್ಲಿ ಶಬ್ದ, ಸ್ಪರ್ಶಗಳನ್ನು ಗ್ರಹಿಸುವ ಭಾಗಗಳ ಜೊತೆಗೆ ಅಪಾಯದ ಸುಳಿವು ಹಿಡಿಯುವ ಅಮಿಗ್ಡಲವೂ ಕೆರಳಿತು. ಬಾದಾಮಿಯಾಕಾರದ ಈ ಭಾಗದ ಕೆರಳಿಕೆ, ಅದೇ ಸದ್ದು ಮತ್ತೆ ಮತ್ತೆ ಬಂದರೂ ಸುಲಭವಾಗಿ ತಗ್ಗಲಿಲ್ಲ. ಆಟಿಸಂ ಇದ್ದೂ ಅತಿಸಂವೇದನೆ ಇಲ್ಲದವರಲ್ಲಿ ಮಾತ್ರ ಹಣೆಯ ಹಿಂದಿನ ಭಾಗ ಅಮಿಗ್ಡಲಕ್ಕೆ ಲಗಾಮು ಹಾಕುತ್ತಿರುವ ಸೂಚನೆ ಸಿಕ್ಕಿತು.

ಆದ್ದರಿಂದಲೇ ಮದುವೆಯ ಬ್ಯಾಂಡಿಗೆ ಕಿವಿ ಮುಚ್ಚಿಕೊಂಡ ಹುಡುಗನಿಗೆ ‘ರೂಢಿಯಾಗುತ್ತದೆ ಬಿಡು’ ಎನ್ನುವ ನೆಂಟರ ಮಾತು ನನಗೆ ಸಿಟ್ಟು ತರಿಸುತ್ತದೆ. ಅವನಿಗೆ ಕಷ್ಟವಾಗಿರುವುದೇ ಅದು.

ಸದ್ದು ಎಷ್ಟು ಜೋರು ಎಂಬುದೊಂದೇ ಲೆಕ್ಕವೂ ಅಲ್ಲ. ನಮ್ಮ ನೆರೆಮನೆಯ ಹುಡುಗ, ಅಜ್ಜಿ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲೇ ಕೂರುತ್ತಾನೆ. ಆ ಪಟಪಟ ಓಣಿಗೆಲ್ಲ ಕೇಳುತ್ತದೆ, ಅವನು ಹಿಟ್ಟಿನಲ್ಲಿ ಗೆರೆ ಎಳೆಯುತ್ತಿರುತ್ತಾನೆ. ಕುಕ್ಕರ್ ಸೀಟಿ ಹೊಡೆಯಿತೋ, ಕಿವಿಗೆ ಅಂಗೈ ಒತ್ತಿಕೊಂಡು ಮಾಳಿಗೆ ಹತ್ತುತ್ತಾನೆ. ರೊಟ್ಟಿಯ ತಾಳದಲ್ಲಿ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಗೊತ್ತು. ಸೀಟಿ ಹೇಳಿ ಬರುವುದಿಲ್ಲ. ಈಗ ತೊಗರಿಬೇಳೆ ಇಟ್ಟ ದಿನ ಅಜ್ಜಿಯೇ ಮೊದಲು ಕೂಗುತ್ತಾರೆ: ‘ತಮ್ಮಾ, ಸೀಟಿ ಬರುತ್ತದೆ ನೋಡು.’ ಅವನು ಹೆಡ್‌ಫೋನ್ ಏರಿಸಿಕೊಂಡು ಅಲ್ಲೇ ಕೂರುತ್ತಾನೆ. ಕೆಲವು ದಿನ ಮಾಳಿಗೆಗೇ ಹೋಗುತ್ತಾನೆ.