ಅದೇ ಕಾರು, ಅದೇ ಚಾಲಕರು: ಟ್ರ್ಯಾಕ್ ಬದಲಾದರೆ ರೇಸ್ ಏಕೆ ಬದಲಾಗುತ್ತದೆ?

ಪ್ರಶ್ನೆ: ಅಮೆರಿಕದ ನಾಸ್ಕಾರ್ ಸ್ಟಾಕ್ ಕಾರ್ ರೇಸ್‌ಗಳನ್ನು ಇತ್ತೀಚೆಗೆ ನೋಡತೊಡಗಿದ್ದೇನೆ. ಒಂದು ವಾರ ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡುತ್ತವೆ. ಮರುವಾರ ಅವೇ ಕಾರುಗಳು ಒಂದರ ಹಿಂದೊಂದು ಸಾಲಾಗಿ ಸುತ್ತುತ್ತವೆ, ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಟ್ರ್ಯಾಕ್ ಬದಲಾದ ಮಾತ್ರಕ್ಕೆ ಇಷ್ಟು ವ್ಯತ್ಯಾಸ ಹೇಗೆ? ನಿಜವಾಗಿ ಒಳ್ಳೆಯ ರೇಸ್ ಯಾವ ಬಗೆಯ ಟ್ರ್ಯಾಕ್‌ನಲ್ಲಿ ನಡೆಯುತ್ತದೆ?

ಉತ್ತರ: ಯಾವುದೇ ಟ್ರ್ಯಾಕ್‌ನಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ತಿರುವಿಗೆ ಬಂದಾಗ ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಲೇಬೇಕೆ? ಸುತ್ತುಗಳು ಕಳೆದಂತೆ ಟೈರ್ ಸವೆದು ನೆಲದ ಮೇಲಿನ ಹಿಡಿತ ಕಡಿಮೆಯಾಗುತ್ತದೆಯೇ? ಈ ಎರಡಕ್ಕೂ ಹೌದು ಎಂಬ ಉತ್ತರ ಬರುವ ಕಡೆ ಒಬ್ಬ ಚಾಲಕನ ಕೈಚಳಕಕ್ಕೂ ಇನ್ನೊಬ್ಬನ ಕೈಚಳಕಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಒಳ್ಳೆಯ ರೇಸ್ ಎಂದರೆ ಅದೇ. ಟ್ರ್ಯಾಕ್ ಎಷ್ಟು ಉದ್ದವಿದೆ, ಕಾರುಗಳು ಎಷ್ಟು ವೇಗವಾಗಿ ಓಡುತ್ತವೆ ಎಂಬುದೆಲ್ಲ ಇದರ ನಂತರದ ಮಾತು.

ನೀವು ನೋಡಿದ ಅಂಟಿಕೊಂಡ ರೇಸ್ ಡೇಟೋನಾ ಅಥವಾ ಟಲಡೀಗಾದ್ದಿರಬೇಕು. ಫ್ಲಾರಿಡಾದ ಡೇಟೋನಾ ಸುತ್ತಿಗೆ 2.5 ಮೈಲಿ, ಅಲಬಾಮಾದ ಟಲಡೀಗಾ 2.66 ಮೈಲಿ, ಅಂದರೆ ಸುಮಾರು 4.28 ಕಿಲೋಮೀಟರ್. ಇವನ್ನು ಸೂಪರ್‌ಸ್ಪೀಡ್‌ವೇ ಎನ್ನುತ್ತಾರೆ. ಇಲ್ಲಿನ ತಿರುವುಗಳು 31ರಿಂದ 33 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಕಾರು ತನ್ನ ವೇಗವನ್ನು ಕಳೆದುಕೊಳ್ಳದೆ ತಿರುಗಬಲ್ಲದು. 1987ರಲ್ಲಿ ಬಿಲ್ ಎಲಿಯಟ್ ಟಲಡೀಗಾದ ಅರ್ಹತಾ ಸುತ್ತನ್ನು ಗಂಟೆಗೆ 212.809 ಮೈಲಿ ವೇಗದಲ್ಲಿ ಓಡಿಸಿ ದಾಖಲೆ ಬರೆದರು. ಅದೇ ರೇಸ್‌ನಲ್ಲಿ ಬಾಬಿ ಆಲಿಸನ್ ಅವರ ಕಾರಿನ ಟೈರ್ ಒಡೆದು, ಕಾರು ಮೇಲಕ್ಕೆ ಹಾರಿ, ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿದುಹಾಕಿತು. ಹೀಗಾಗಿ 1988ರಿಂದ ಎಂಜಿನ್ ಒಳಗೆ ಹೋಗುವ ಗಾಳಿಯನ್ನೇ ಕಡಿಮೆ ಮಾಡುವ ರಿಸ್ಟ್ರಿಕ್ಟರ್ ಪ್ಲೇಟ್ ಇಲ್ಲಿ ಕಡ್ಡಾಯವಾಯಿತು. ಆ ಪ್ಲೇಟ್ 2019ರಲ್ಲಿ ಹೋಗಿ ಬೇರೊಂದು ಬಿಡಿಭಾಗ ಬಂದಿದ್ದರೂ ಶಕ್ತಿಯನ್ನು ಕಟ್ಟಿಹಾಕುವ ಪದ್ಧತಿ ಮುಂದುವರಿದಿದೆ. ಜನರ ಜೀವದ ಪ್ರಶ್ನೆಯಾದ್ದರಿಂದ ಆ ನಿರ್ಧಾರ ಸರಿಯಾಗಿಯೇ ಇದೆ.

ಆದರೆ ಅದರ ಪರಿಣಾಮವನ್ನೂ ಅರಿಯಬೇಕು. ಎಲ್ಲರೂ ಇಡೀ ಸುತ್ತು ಆಕ್ಸಿಲರೇಟರ್ ಪೂರ್ತಿ ಒತ್ತಿಯೇ ಓಡಿಸಬಲ್ಲರಾದರೆ ಯಾರೂ ಯಾರಿಂದಲೂ ದೂರ ಹೋಗಲಾರರು. ಮುಂದಿನ ಕಾರು ಗಾಳಿಯನ್ನು ಸೀಳಿಕೊಟ್ಟರೆ ಹಿಂದಿನದು ಆ ಖಾಲಿ ಜಾಗದಲ್ಲಿ ಸುಲಭವಾಗಿ ಸಾಗುತ್ತದೆ. ಡ್ರಾಫ್ಟಿಂಗ್ ಎನ್ನುವುದು ಇದನ್ನೇ. ಆದ್ದರಿಂದ ಗುಂಪು ಕಟ್ಟುವುದು ಅನಿವಾರ್ಯ. ಟಲಡೀಗಾದಲ್ಲಿ 2010 ಮತ್ತು 2011ರ ಏಪ್ರಿಲ್ ರೇಸ್‌ಗಳೆರಡರಲ್ಲೂ ಮುಂದಾಳು 88 ಬಾರಿ ಬದಲಾದ ದಾಖಲೆಯಿದೆ. ಕೇಳಲು ಅದ್ಭುತ, ಆದರೆ ಅವುಗಳಲ್ಲಿ ಬಹುಪಾಲು ಬದಲಾವಣೆಗಳು ಯಾವ ಸಾಲಿಗೆ ಹಿಂದಿನಿಂದ ಹೆಚ್ಚು ತಳ್ಳು ಸಿಕ್ಕಿತು ಎಂಬುದರ ಫಲ. ಇತ್ತೀಚಿನ ವರ್ಷಗಳಲ್ಲಂತೂ ಪಿಟ್‌ನಲ್ಲಿ, ಅಂದರೆ ಇಂಧನ ಮತ್ತು ಟೈರ್‌ಗಾಗಿ ಕಾರು ನಿಲ್ಲುವ ಟ್ರ್ಯಾಕ್ ಪಕ್ಕದ ಜಾಗದಲ್ಲಿ, ಇಂಧನ ತುಂಬಿಸುವ ಸಮಯವನ್ನು ಉಳಿಸಲು ಇಡೀ ಗುಂಪು ಅರ್ಧ ಆಕ್ಸಿಲರೇಟರ್‌ನಲ್ಲಿ ಸಾಗುವುದು ಸಾಮಾನ್ಯವಾಗಿದೆ. ಮೂರು ಮೂರು ಕಾರು ಅಕ್ಕಪಕ್ಕದಲ್ಲಿ ಓಡುವ ಆ ದೃಶ್ಯ ಮೈ ಜುಮ್ಮೆನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಯಾರೂ ಮುಂದೆ ಹೋಗಲು ಯತ್ನಿಸುತ್ತಿರುವುದಿಲ್ಲ.

ಟ್ರ್ಯಾಕ್ ಹೇಗೆ ರೇಸನ್ನು ರೂಪಿಸುತ್ತದೆ ಎಂಬುದಕ್ಕೆ ಅಟ್ಲಾಂಟಾಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. 1.54 ಮೈಲಿ ಉದ್ದದ ಆ ಟ್ರ್ಯಾಕ್‌ಗೆ 1997ರಲ್ಲಿ ಹಾಕಿದ ಡಾಂಬರು ಎರಡು ದಶಕಗಳಿಗೂ ಮಿಕ್ಕಿ ಹಾಗೆಯೇ ಉಳಿದಿತ್ತು. ಬಿಸಿಲಿಗೆ, ಮಳೆಗೆ ಸಿಕ್ಕಿ ಅದು ಉಪ್ಪುಕಾಗದದಂತೆ ಒರಟಾಗಿ, ಹೊಸ ಟೈರನ್ನು ಕೆಲವೇ ಸುತ್ತುಗಳಲ್ಲಿ ತಿಂದುಹಾಕುತ್ತಿತ್ತು. ಚಾಲಕರು ಹಿಡಿತವನ್ನು ಹುಡುಕುತ್ತಾ ಒಮ್ಮೆ ಒಳ ಅಂಚಿಗೆ, ಒಮ್ಮೆ ಗೋಡೆಯ ಬದಿಗೆ ಸರಿಯುತ್ತಿದ್ದರು. ಆ ನೆಲವನ್ನು ಮುಟ್ಟಬೇಡಿ ಎಂದು ಬೇಡಿಕೊಂಡ ಚಾಲಕರೂ ಇದ್ದರು. 2022ರ ಋತುವಿಗೆ ಹೊಸ ಡಾಂಬರು ಹಾಕಿ, ತಿರುವಿನ ಓರೆಯನ್ನು 24ರಿಂದ 28 ಡಿಗ್ರಿಗೆ ಏರಿಸಿ, ಟ್ರ್ಯಾಕ್‌ನ ಅಗಲವನ್ನು ಕಿರಿದುಗೊಳಿಸಿದರು. ಉದ್ದ ಹಿಂದಿನಷ್ಟೇ ಉಳಿದರೂ ಅದು ಒಂದೇ ಚಳಿಗಾಲದಲ್ಲಿ ಡೇಟೋನಾದ ಪುಟ್ಟ ತಂಗಿಯಾಯಿತು. 2024ರ ಫೆಬ್ರುವರಿಯಲ್ಲಿ ಡೇನಿಯಲ್ ಸುವಾರೆಜ್, ರಯನ್ ಬ್ಲೇನಿ ಮತ್ತು ಕೈಲ್ ಬುಶ್ ಮೂವರೂ ಅಕ್ಕಪಕ್ಕದಲ್ಲಿ ಗೆರೆ ದಾಟಿದಾಗ ಸುವಾರೆಜ್ ಗೆದ್ದ ಅಂತರ 0.003 ಸೆಕೆಂಡ್. ಆ ಕೊನೆಯ ಕ್ಷಣವನ್ನು ನಾನು ಮೆಚ್ಚುತ್ತೇನೆ, ಆದರೂ ಹಳೆಯ ಅಟ್ಲಾಂಟಾ ಇಲ್ಲವಾದದ್ದಕ್ಕೆ ನನ್ನ ಬೇಸರ ಕಡಿಮೆಯಾಗಿಲ್ಲ.

ಇನ್ನು ನೀವು ಹೇಳಿದ ಸಾಲುಮೆರವಣಿಗೆ. ಅದು ಹೆಚ್ಚಾಗಿ ಒಂದು ಮೈಲಿಗಿಂತ ಚಿಕ್ಕದಾದ ಟ್ರ್ಯಾಕ್‌ಗಳ ಇಂದಿನ ತೊಂದರೆ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ (0.526 ಮೈಲಿ), ಟೆನೆಸಿಯ ಬ್ರಿಸ್ಟಲ್ (0.533 ಮೈಲಿ) ಮುಂತಾದವು ಹಿಂದೆ ಬಂಪರಿಗೆ ಬಂಪರ್ ತಾಗಿಸಿ ನಡೆಯುವ ಜಗಳಕ್ಕೆ ಹೆಸರಾಗಿದ್ದವು. 2022ರಲ್ಲಿ ಬಂದ ನೆಕ್ಸ್ಟ್ ಜೆನ್ ಎಂಬ ಹೊಸ ತಲೆಮಾರಿನ ಕಾರಿನಲ್ಲಿ ಚಕ್ರದ ಅಳತೆ 15ರಿಂದ 18 ಇಂಚಿಗೆ ಏರಿತು, ಬ್ರೇಕ್‌ಗಳು ದೊಡ್ಡದಾದವು, ಐದು ಗೇರ್‌ಗಳ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್ (ಗೇರುಗಳನ್ನು ಒಂದಾದ ಮೇಲೊಂದರಂತೆ ಬೇಗ ಬದಲಿಸಬಹುದಾದದ್ದು) ಬಂದಿತು. ಎಲ್ಲರೂ ತಿರುವಿನ ತೀರ ಹತ್ತಿರದವರೆಗೆ ಹೋಗಿ ಬ್ರೇಕ್ ಹಾಕಬಲ್ಲರಾದರೆ ಬ್ರೇಕ್ ಹಾಕುವಲ್ಲಿ ಹಿಂದಿಕ್ಕುವ ಅವಕಾಶ ಕುಗ್ಗುತ್ತದೆ. ತಿರುವಿನಲ್ಲಿ ತಪ್ಪಿದವನು ಗೇರ್ ಇಳಿಸಿ ಆ ತಪ್ಪನ್ನು ಸರಿಪಡಿಸಿಕೊಳ್ಳುತ್ತಾನೆ. 2026ರಿಂದ ಒಂದೂವರೆ ಮೈಲಿಗಿಂತ ಚಿಕ್ಕ ಓವಲ್‌ಗಳಲ್ಲೂ (ಎಡಕ್ಕೆ ಮಾತ್ರ ತಿರುಗುವ ಅಂಡಾಕಾರದ ಟ್ರ್ಯಾಕ್‌ಗಳು) ರೋಡ್ ಕೋರ್ಸ್‌ಗಳಲ್ಲೂ (ರಸ್ತೆಯಂತೆ ಎರಡೂ ಕಡೆ ತಿರುವುಗಳಿರುವ ಟ್ರ್ಯಾಕ್‌ಗಳು) ಎಂಜಿನ್ ಶಕ್ತಿಯನ್ನು 670ರಿಂದ 750 ಅಶ್ವಶಕ್ತಿಗೆ ಏರಿಸಲು ನಿರ್ಧರಿಸಿದ್ದು ಈ ಕೊರತೆಯನ್ನು ತುಂಬಲೆಂದೇ. ಶಕ್ತಿ ಹೆಚ್ಚಿದಷ್ಟೂ ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳು ಜಾರಿ ಟೈರ್ ಬೇಗ ಸವೆಯುತ್ತದೆ.

ಟೈರ್ ಸವೆತದ ಮಹತ್ವವನ್ನು ಬ್ರಿಸ್ಟಲ್ 2024ರ ಒಂದೇ ವರ್ಷದಲ್ಲಿ ಎರಡು ಬಾರಿ ತೋರಿಸಿಕೊಟ್ಟಿತು. ಮಾರ್ಚ್ ತಿಂಗಳ ರೇಸ್‌ನಲ್ಲಿ ಟೈರ್‌ಗಳು ಯಾರೂ ಊಹಿಸದಷ್ಟು ಬೇಗ ಸವೆದವು. ಜೋರಾಗಿ ಓಡಿಸಿದವನು ಟೈರ್ ಕಳೆದುಕೊಂಡ, ತಾಳ್ಮೆಯಿಂದ ಉಳಿಸಿಕೊಂಡವನು ಮುಂದೆ ಬಂದ. ಮುಂದಾಳು 54 ಬಾರಿ ಬದಲಾದ ಆ ರೇಸನ್ನು ಡೆನಿ ಹ್ಯಾಮ್ಲಿನ್ ಗೆದ್ದಾಗ ಅವರೊಂದಿಗೆ ಒಂದೇ ಸುತ್ತಿನಲ್ಲಿ ಉಳಿದಿದ್ದವರು ನಾಲ್ವರು ಮಾತ್ರ, ಮಿಕ್ಕವರೆಲ್ಲ ಒಂದು ಸುತ್ತಾದರೂ ಹಿಂದೆ ಬಿದ್ದಿದ್ದರು. ಸೆಪ್ಟೆಂಬರ್‌ನಲ್ಲಿ ಅದೇ ಟ್ರ್ಯಾಕ್‌ಗೆ ಮರಳಿದಾಗ ಆ ಸವೆತ ಇರಲಿಲ್ಲ. ಕೈಲ್ ಲಾರ್ಸನ್ 500 ಸುತ್ತುಗಳಲ್ಲಿ 462 ಸುತ್ತು ಮುಂದಿದ್ದು ಗೆದ್ದರು. ಟ್ರ್ಯಾಕ್ ಒಂದೇ, ಕಾರುಗಳೂ ಅವೇ.

ಚಾರ್ಲಟ್, ಕ್ಯಾನ್ಸಸ್, ಟೆಕ್ಸಸ್, ಲಾಸ್ ವೇಗಸ್, ಹೋಮ್‌ಸ್ಟೆಡ್ ಮುಂತಾದ ಒಂದೂವರೆ ಮೈಲಿಯ ಟ್ರ್ಯಾಕ್‌ಗಳು ಬಹುಕಾಲ ಬೇಸರಕ್ಕೆ ಇನ್ನೊಂದು ಹೆಸರಾಗಿದ್ದವು. ಕಾರಣ ಡರ್ಟಿ ಏರ್, ಅಂದರೆ ಮುಂದಿನ ಕಾರು ಕದಡಿ ಬಿಟ್ಟ ಗಾಳಿ. ಅದರೊಳಗೆ ಹೊಕ್ಕ ಕಾರಿಗೆ ನೆಲಕ್ಕೆ ಒತ್ತುವ ಬಲ ಕಡಿಮೆಯಾಗಿ ಮೂತಿ ತಿರುಗುವುದಿಲ್ಲ. ಇಂತಹ ಕಡೆ ಹಿಂದಿನವನಿಗೆ ಬೇಕಾದದ್ದು ಬೇರೊಂದು ದಾರಿ. ಹೋಮ್‌ಸ್ಟೆಡ್‌ನಲ್ಲಿ 2003ರಲ್ಲಿ ತಿರುವಿನ ಓರೆಯನ್ನು ಒಳ ಅಂಚಿನಲ್ಲಿ 18 ಡಿಗ್ರಿಯಿಂದ ಹೊರ ಅಂಚಿನಲ್ಲಿ 20 ಡಿಗ್ರಿಯವರೆಗೆ ಹಂತಹಂತವಾಗಿ ಏರುವಂತೆ ಕಟ್ಟಿದ್ದರಿಂದ ಗೋಡೆಯ ಪಕ್ಕದ ಉದ್ದದ ದಾರಿಯೂ ಒಳಗಿನ ಚಿಕ್ಕ ದಾರಿಯಷ್ಟೇ ವೇಗದ್ದಾಯಿತು. ಕ್ಯಾನ್ಸಸ್‌ನಲ್ಲೂ ಇದೇ ಬಗೆಯ ಓರೆಯಿದೆ. 2024ರ ಮೇ ತಿಂಗಳಲ್ಲಿ ಅಲ್ಲಿ ಲಾರ್ಸನ್, ಕ್ರಿಸ್ ಬ್ಯೂಷರ್ ಅವರನ್ನು 0.001 ಸೆಕೆಂಡಿನಿಂದ ಸೋಲಿಸಿದ್ದು ನಾಸ್ಕಾರ್‌ನ ಅತ್ಯುನ್ನತ ಸರಣಿಯಾದ ಕಪ್ ಸರಣಿಯ ಅತ್ಯಂತ ಕಡಿಮೆ ಅಂತರದ ಗೆಲುವು. ಟೆಕ್ಸಸ್‌ನಲ್ಲಿ 2017ರಲ್ಲಿ ಹೊಸ ಡಾಂಬರು ಹಾಕಿ ಮೊದಲ ಎರಡು ತಿರುವುಗಳ ಓರೆಯನ್ನು ಇಳಿಸಿದ ಮೇಲೆ ಬಹಳ ದಿನ ಒಂದೇ ದಾರಿ ಉಳಿಯಿತು, ರೇಸ್ ಸೊರಗಿತು.

ಸೊನೋಮಾ, ವಾಟ್ಕಿನ್ಸ್ ಗ್ಲೆನ್ ಮುಂತಾದ ರೋಡ್ ಕೋರ್ಸ್‌ಗಳಲ್ಲಿ ಎಡಕ್ಕೂ ಬಲಕ್ಕೂ ತಿರುಗಬೇಕು; ಅಲ್ಲಿ ಪಿಟ್‌ಗೆ ಯಾವಾಗ ಬರಬೇಕೆಂಬ ಲೆಕ್ಕವೇ ಬಹುತೇಕ ಫಲಿತಾಂಶವನ್ನು ನಿರ್ಧರಿಸುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಒಂದೇ ಹೆಸರು ಹೇಳಬೇಕಾದರೆ ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಎನ್ನುತ್ತೇನೆ. 1.366 ಮೈಲಿಯ ಈ ಟ್ರ್ಯಾಕ್ ಕಟ್ಟುವಾಗ ಪಕ್ಕದ ಮೀನಿನ ಕೊಳವನ್ನು ಮುಟ್ಟಕೂಡದೆಂದು ಜಮೀನಿನ ಮಾಲೀಕರು ಹಟ ಹಿಡಿದಿದ್ದರಿಂದ ಒಂದು ತುದಿ ಕಿರಿದಾಗಿ ಅದು ಮೊಟ್ಟೆಯ ಆಕಾರ ತಾಳಿತು. ಎರಡು ತುದಿಗಳ ತಿರುವುಗಳೂ ಬೇರೆ ಬೇರೆಯಾಗಿರುವುದರಿಂದ ಒಂದಕ್ಕೆ ಹೊಂದಿಸಿದ ಕಾರು ಇನ್ನೊಂದಕ್ಕೆ ಒಗ್ಗುವುದಿಲ್ಲ. ವೇಗದ ದಾರಿ ಗೋಡೆಗೆ ಎಷ್ಟು ಹತ್ತಿರವೆಂದರೆ ಕಾರಿನ ಬಲಬದಿಗೆ ಬೀಳುವ ಗೀರಿಗೆ ‘ಡಾರ್ಲಿಂಗ್ಟನ್ ಸ್ಟ್ರೈಪ್’ ಎಂದೇ ಹೆಸರಿದೆ. 1950ರಲ್ಲಿ ಇಲ್ಲಿ ನಡೆದ ಮೊದಲ ಸದರ್ನ್ 500 ರೇಸ್‌ನಲ್ಲಿ 75 ಕಾರುಗಳಿದ್ದವು. ವೇಗದ ಕಾರುಗಳು ಟೈರ್ ಒಡೆದುಕೊಂಡು ಮತ್ತೆ ಮತ್ತೆ ಪಿಟ್‌ಗೆ ಬರುತ್ತಿದ್ದಾಗ, ನಿಧಾನದ ಪ್ಲಿಮತ್ ಕಾರಿಗೆ ಟ್ರಕ್‌ನ ಗಟ್ಟಿ ಟೈರ್ ಹಾಕಿಸಿಕೊಂಡಿದ್ದ ಜಾನಿ ಮ್ಯಾಂಟ್ಸ್ ಒಂದೇ ಹದದಲ್ಲಿ ಸುತ್ತುತ್ತಾ ಗೆದ್ದರು. ಇಂದೂ ಆ ರೇಸ್ ಅಮೆರಿಕದ ಲೇಬರ್ ಡೇ ವಾರಾಂತ್ಯದ ಭಾನುವಾರ ಸಂಜೆ, ನಮ್ಮ ಸೋಮವಾರ ನಸುಕಿನಲ್ಲಿ ನಡೆಯುತ್ತದೆ. 367 ಸುತ್ತುಗಳಿವೆ. ಹೊಸ ಟೈರ್ ಹಾಕಿಸಿಕೊಂಡು ಹೊರಟ ಒಬ್ಬ ಚಾಲಕನನ್ನು ಆರಿಸಿಕೊಂಡು, ಮೊದಲ ಸುತ್ತಿಗೂ ಮುಂದಿನ ಪಿಟ್‌ಗೆ ಮುಂಚಿನ ಸುತ್ತಿಗೂ ನಡುವೆ ಅವನು ಒಂದು ಸುತ್ತಿಗೆ ತೆಗೆದುಕೊಳ್ಳುವ ಸಮಯ ಎಷ್ಟು ಹೆಚ್ಚುತ್ತದೆ ಎಂಬುದನ್ನು ನೋಡಿ. ಆಮೇಲೆ ಅವನ ಹಿಂದಿರುವವನ ಸಮಯವನ್ನೂ ನೋಡಿ.