ಮಗಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಮೆಲ್ಬರ್ನ್ ಸುತ್ತಬಹುದಾ?

ಪ್ರಶ್ನೆ: ನಮ್ಮ ಮಗಳು, ಅಳಿಯ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದಾರೆ. ಮೂರು ತಿಂಗಳು ಇದ್ದು ಬರೋಣ ಅಂತ ಹೊರಟಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಶನಿವಾರ, ಭಾನುವಾರ ಬಿಟ್ಟರೆ ಅವರಿಗೆ ಬಿಡುವಿಲ್ಲ. ನನಗೆ 63, ನಮ್ಮ ಯಜಮಾನರಿಗೆ 69. ಇಂಗ್ಲಿಷ್ ಓದಲು ಬರುತ್ತೆ, ಮಾತು ಅಷ್ಟಾಗಿ ಬರಲ್ಲ. ಕಾರಿಲ್ಲದೆ ನಾವಿಬ್ಬರೇ ಸಿಟಿ ನೋಡಲು ಆಗುತ್ತಾ?

ಉತ್ತರ: ಆಗುತ್ತೆ ಅಮ್ಮಾ, ಖಂಡಿತ ಆಗುತ್ತೆ. ಈ ಪ್ರಶ್ನೆಯನ್ನು ಪ್ರತಿ ವರ್ಷ ಎಷ್ಟೋ ಅಪ್ಪ ಅಮ್ಮಂದಿರು ಕೇಳುತ್ತಾರೆ. ನಮ್ಮಮ್ಮನೂ ಕೇಳಿದ್ದರು. ನಾವಿರೋದೂ ನಿಮ್ಮ ಮಗಳ ರೈಲು ಮಾರ್ಗದಲ್ಲೇ. ಅದಕ್ಕೇ ಅಮ್ಮನ ಅನುಭವವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ಮಾತು. ನಿಮಗೆ ಕಷ್ಟ ಅನಿಸೋದು ಸಿಟಿ ಅಲ್ಲ, ಮನೆ ಇರುವ ಬಡಾವಣೆ. ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಆಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣಲ್ಲ. ಹೂವಿನವರಿಲ್ಲ, ತರಕಾರಿ ಗಾಡಿಯಿಲ್ಲ, ಕಾಂಪೌಂಡಿನ ಆಚೆಯಿಂದ ಮಾತಾಡಿಸುವವರಿಲ್ಲ. ಅಮ್ಮ ಮೊದಲ ಎರಡು ವಾರ ಕಿಟಕಿ ಪಕ್ಕ ಕೂತು, "ಇಷ್ಟೊಂದು ಮನೆಗಳಿವೆ, ಜನ ಎಲ್ಲಿ?" ಅನ್ನುತ್ತಿದ್ದರು. ಮೂರನೇ ವಾರ ಸಿಟಿಗೆ ಹೋಗಿಬಂದ ಸಂಜೆ ಅವರ ಮುಖವೇ ಬೇರೆಯಾಗಿತ್ತು. ಜನ ನೋಡಿದ್ದರು, ಅಷ್ಟೇ. ಅದಕ್ಕೇ ಹೇಳೋದು, ಮಕ್ಕಳಿಗೆ ಬಿಡುವು ಸಿಗಲಿ ಅಂತ ಕಾಯಬೇಡಿ. ಬಂದ ಮೊದಲ ಶನಿವಾರವೇ ಅವರ ಜೊತೆ ಒಂದು ಸಲ ರೈಲಿನಲ್ಲಿ ಹೋಗಿ ದಾರಿ ನೋಡಿಕೊಳ್ಳಿ. ಕಾರಿನಲ್ಲಿ ಬೇಡ. ಕಾರಿನಲ್ಲಿ ಹೋದರೆ ದಾರಿ ತಲೆಯಲ್ಲಿ ಕೂರಲ್ಲ.

ಟಾರ್ನೀಟ್ ಸ್ಟೇಷನ್ ಶುರುವಾಗಿದ್ದು 2015ರಲ್ಲಿ. ಅಲ್ಲಿಂದ ರೈಲು ಸನ್‌ಶೈನ್, ಫುಟ್‌ಸ್ಕ್ರೇ ದಾಟಿ ಸಿಟಿಯ ಸದರ್ನ್ ಕ್ರಾಸ್ ಸ್ಟೇಷನ್ನಿಗೆ ಬರುತ್ತೆ. ಇಲ್ಲಿ ಗಮನ ಇಡಬೇಕಾದ್ದು ಒಂದೇ: ಯಾವ ದಿಕ್ಕಿನ ರೈಲು. ಅಮ್ಮ ಎರಡನೇ ಸಲ ಒಬ್ಬರೇ ಹೊರಟಾಗ ಉಲ್ಟಾ ದಿಕ್ಕಿನ ರೈಲು ಹತ್ತಿದರು. ಅದು ಜಿಲಾಂಗ್ ಕಡೆಗೆ ಹೋಗುವುದು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ "ಸಿಟಿ?" ಅಂತ ಕೇಳಿದ್ದಾರೆ. ಆಕೆ ತಲೆ ಅಲ್ಲಾಡಿಸಿ, ಮುಂದಿನ ಸ್ಟೇಷನ್ ವಿಂಡಮ್ ವೇಲ್‌ನಲ್ಲಿ ತಾನೂ ಇಳಿದು, ಸರಿಯಾದ ಪ್ಲಾಟ್‌ಫಾರ್ಮ್ ತನಕ ಜೊತೆಗೆ ನಡೆದು ಬಿಟ್ಟುಬಂದಳಂತೆ. ಭಾಷೆ ಬರಲ್ಲ ಅನ್ನುವ ಭಯಕ್ಕೆ ನನ್ನ ಉತ್ತರ ಇದೇ. ಒಂದು ಪದ ಸಾಕಾಗುತ್ತೆ. ಪ್ಲಾಟ್‌ಫಾರ್ಮ್‌ನ ಬೋರ್ಡಿನಲ್ಲಿ "ಸದರ್ನ್ ಕ್ರಾಸ್" ಅಂತ ಇದೆಯಾ ನೋಡಿ ಹತ್ತಿ.

ಟಿಕೆಟ್ ವಿಷಯ. ಇಲ್ಲಿ ರೈಲು, ಟ್ರಾಂ, ಬಸ್ಸು ಮೂರಕ್ಕೂ ಮೈಕಿ ಅನ್ನುವ ಒಂದೇ ಕಾರ್ಡು. ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಸಿಗುತ್ತೆ. ಇಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ರೈಲಿಗೆ ಹತ್ತುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ ಯಂತ್ರಕ್ಕೆ ಮುಟ್ಟಿಸಬೇಕು. ಟ್ರಾಂನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು. 2025ರಲ್ಲಿ ಎರಡು ಗಂಟೆಯ ದರ 5.50 ಡಾಲರ್ ಇತ್ತು. ವಾರದ ದಿನಗಳಲ್ಲಿ ದಿನಕ್ಕೆ ಎಷ್ಟೇ ಓಡಾಡಿದರೂ 11 ಡಾಲರ್‌ಗಿಂತ ಜಾಸ್ತಿ ಕಡಿಯುತ್ತಿರಲಿಲ್ಲ. ಅಂದರೆ ಬೆಳಗ್ಗೆ ಬಂದು ಸಂಜೆ ಹಿಂದಿರುಗುವ ಖರ್ಚಿನಲ್ಲೇ ಇಡೀ ದಿನದ ಟ್ರಾಂ ಓಡಾಟವೂ ಸೇರಿಹೋಗುತ್ತೆ. ದರ ಆಗಾಗ ಏರುತ್ತೆ, ಹೊರಡುವ ಮುಂಚೆ ಮಗಳನ್ನು ಕೇಳಿಕೊಳ್ಳಿ. ಹಿರಿಯ ನಾಗರಿಕರ ರಿಯಾಯಿತಿ ನಮ್ಮ ದೇಶದಿಂದ ಬಂದ ಪ್ರವಾಸಿಗರಿಗೆ ಸಿಗಲ್ಲ. ನಮ್ಮ ಗುರುತಿನ ಚೀಟಿ ಇಲ್ಲಿ ನಡೆಯಲ್ಲ.

ಸದರ್ನ್ ಕ್ರಾಸ್‌ನಿಂದ ಹೊರಬಂದರೆ ಸ್ಪೆನ್ಸರ್ ಬೀದಿ. ಅಲ್ಲಿಂದ ಮುಂದೆ ನಿಮಗೆ ದಾರಿ ತಪ್ಪೋದೇ ಕಷ್ಟ. ನಿಜವಾಗಲೂ ಹೇಳ್ತಿದ್ದೇನೆ. 1837ರಲ್ಲಿ ರಾಬರ್ಟ್ ಹಾಡಲ್ ಅನ್ನುವ ಸರ್ವೇಯರ್ ಈ ಊರಿನ ನಡುಭಾಗವನ್ನು ಚೌಕಾಬಾರ ಮನೆಯ ಹಾಗೆ ಗೆರೆ ಎಳೆದು ಹಾಕಿದ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್, ಅಗಲ ಅದರ ಅರ್ಧ. ಜಯನಗರದ ಮೇನ್ ಮತ್ತು ಕ್ರಾಸ್‌ಗಳನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಉದ್ದದ ಬೀದಿಗಳ ಹೆಸರನ್ನು ನದಿಯ ಕಡೆಯಿಂದ ಬಾಯಿಪಾಠ ಮಾಡಿಕೊಳ್ಳಿ: ಫ್ಲಿಂಡರ್ಸ್, ಕಾಲಿನ್ಸ್, ಬರ್ಕ್, ಲಾನ್ಸ್‌ಡೇಲ್, ಲಾ ಟ್ರೋಬ್. ಇವುಗಳ ನಡುವೆ ಸಣ್ಣ ಬೀದಿಗಳಿವೆ. ಅವಕ್ಕೂ ಹೆಚ್ಚು ಕಮ್ಮಿ ಅದೇ ಹೆಸರು, ಮುಂದೆ "ಲಿಟಲ್" ಸೇರುತ್ತೆ. ಅಮ್ಮ ಇದನ್ನು ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ನಡೆಯುತ್ತಿದ್ದರು. ಫೋನಿನ ನಕ್ಷೆ ಬೇಕಾಗಲೇ ಇಲ್ಲ. ಇನ್ನೊಂದು ಗುರುತು: ಬರ್ಕ್ ಬೀದಿಯಲ್ಲಿ ನಡೆಯುವಾಗ ರಸ್ತೆ ಇಳಿದು ಮತ್ತೆ ಏರುತ್ತೆ. ಆ ತಗ್ಗಿನಲ್ಲಿರೋದು ಎಲಿಜಬೆತ್ ಬೀದಿ. ಹಿಂದೆ ಅಲ್ಲಿ ತೊರೆ ಹರಿಯುತ್ತಿತ್ತು.

ಈ ಚೌಕದೊಳಗೆ ಟ್ರಾಂ ಪೂರ್ತಿ ಉಚಿತ. 2015ರ ಜನವರಿ 1ರಿಂದ ಹೀಗೆ. ಹತ್ತಿ, ಕೂತು, ಬೇಕಾದಲ್ಲಿ ಇಳಿಯಿರಿ. ಕಾರ್ಡು ಮುಟ್ಟಿಸೋದೂ ಬೇಡ. ಕಾಲುನೋವು ಇರುವವರಿಗೆ ಇದು ದೊಡ್ಡ ಉಪಕಾರ ಅಲ್ವಾ? ಉಚಿತ ವಲಯ ಮುಗಿಯುವ ಸ್ಟಾಪಿನಲ್ಲಿ ಟ್ರಾಂ ಒಳಗೇ ಘೋಷಣೆ ಮಾಡುತ್ತಾರೆ, ಸ್ಟಾಪಿನಲ್ಲಿ ಬೋರ್ಡೂ ಇರುತ್ತೆ. ಅದರಿಂದಾಚೆ ಹೋಗುವುದಾದರೆ ಮಾತ್ರ ಮೈಕಿ ಮುಟ್ಟಿಸಿ. ಮರೆತರೆ ದಂಡ ಬೀಳುತ್ತೆ. ಮೊದಲ ದಿನಕ್ಕೆ 35ನೇ ನಂಬರಿನ ಸಿಟಿ ಸರ್ಕಲ್ ಟ್ರಾಂ ಒಳ್ಳೆಯದು. ಹಳೇ ಕಾಲದ ಟ್ರಾಂ, ಊರಿನ ಅಂಚಿನಲ್ಲಿ ಸುತ್ತುತ್ತೆ, ದಾರಿಯಲ್ಲಿ ಏನೇನಿದೆ ಅಂತ ಹೇಳುತ್ತಾ ಹೋಗುತ್ತೆ. ಸ್ಪೆನ್ಸರ್ ಮತ್ತು ಫ್ಲಿಂಡರ್ಸ್ ಬೀದಿ ಸೇರುವ ಮೂಲೆಗೆ ನಡೆದು ಹೋದರೆ ಸಿಗುತ್ತೆ.

ಟ್ರಾಂ ಬಗ್ಗೆ ಎರಡು ಎಚ್ಚರಿಕೆ. ಹತ್ತಿದ ಕೂಡಲೇ ಕಂಬಿ ಹಿಡಿಯಿರಿ, ಅದು ಜೋರಾಗಿ ಬ್ರೇಕ್ ಹಾಕುತ್ತೆ. ಬಾಗಿಲ ಪಕ್ಕದ ಸೀಟು ವಯಸ್ಸಾದವರಿಗೇ ಮೀಸಲು. ಸಾಮಾನ್ಯವಾಗಿ ಕೇಳದೇ ಎದ್ದು ಜಾಗ ಕೊಡುತ್ತಾರೆ. ಎರಡನೆಯದು, ಸಿಟಿಯ ಹೊರಗೆ ಎಷ್ಟೋ ಕಡೆ ಟ್ರಾಂ ರಸ್ತೆಯ ಮಧ್ಯದಲ್ಲೇ ನಿಲ್ಲುತ್ತೆ. ಬಾಗಿಲು ತೆರೆದಿರುವಾಗ ಹಿಂದಿನ ಕಾರುಗಳು ನಿಲ್ಲಬೇಕು ಅನ್ನೋದು ಕಾನೂನು. ಆದರೂ ಕಾಲು ಕೆಳಗಿಡುವ ಮುಂಚೆ ಎಡಕ್ಕೆ ನೋಡಿ. ಕಾರು ಬರೋದು ಆ ಕಡೆಯಿಂದಲೇ.

ರಸ್ತೆ ದಾಟುವ ಕಡೆ ಕಂಬದಲ್ಲಿ ಒಂದು ದುಂಡನೆ ಬಟನ್ ಇರುತ್ತೆ. ಒತ್ತಿ ಕಾಯಿರಿ. "ಟಿಕ್... ಟಿಕ್..." ಅನ್ನುವ ಸದ್ದು ನಿಧಾನವಾಗಿ ಕೇಳುತ್ತೆ. ಹಸಿರು ಬಂದಾಗ ಅದು ಪಟಪಟ ಅಂತ ಜೋರಾಗುತ್ತೆ. ಕಣ್ಣು ಕಾಣದವರಿಗಾಗಿ ಮಾಡಿದ ಏರ್ಪಾಡು. ನಮ್ಮೂರಿನಲ್ಲಿ ಕೈ ಅಡ್ಡ ಹಿಡಿದು ದಾಟಿ ಅಭ್ಯಾಸವಾದ ನಮಗೂ ಅದು ಬಹಳ ನೆಮ್ಮದಿ ಕೊಡುತ್ತೆ.

ಇನ್ನು ಏನು ನೋಡೋದು? ಕಾಸು ಕೊಡದೇ ಒಳಗೆ ಹೋಗಬಹುದಾದ ಎಷ್ಟೋ ಜಾಗಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ವಾನ್‌ಸ್ಟನ್ ಬೀದಿಯ ಸ್ಟೇಟ್ ಲೈಬ್ರರಿ. 1856ರಲ್ಲಿ ಬಾಗಿಲು ತೆರೆದದ್ದು. ಒಳಗೆ 1913ರ ದೊಡ್ಡ ಗುಮ್ಮಟದ ಓದುವ ಕೋಣೆ ಇದೆ. ಎಂಟು ಮೂಲೆಯ ಕೋಣೆ, ನಡುವಿನಿಂದ ಚಕ್ರದ ಅರಗಳ ಹಾಗೆ ಹೊರಟ ಮರದ ಮೇಜುಗಳು. ಮೇಲಿನ ಮಹಡಿಗೆ ಹೋಗಿ ಕೆಳಗೆ ನೋಡಿ. ಅಮ್ಮ ಅಲ್ಲಿ ಅರ್ಧ ಗಂಟೆ ಮಾತಿಲ್ಲದೆ ನಿಂತಿದ್ದರು. "ಇಷ್ಟು ಮಕ್ಕಳು ಸುಮ್ನೆ ಕೂತು ಓದ್ತಿದ್ದಾರಲ್ಲ" ಅಂತ ಮೆಲ್ಲಗೆ ಹೇಳಿದರು. ಯಾರೂ ನಿಮ್ಮನ್ನು ಯಾಕೆ ಬಂದಿರಿ ಅಂತ ಕೇಳಲ್ಲ. ಕೂತು ದಣಿವಾರಿಸಿಕೊಳ್ಳಬಹುದು, ಶೌಚಾಲಯವೂ ಇದೆ. ನಮ್ಮ ವಯಸ್ಸಾದವರಿಗೆ ಆ ಕೊನೆಯ ವಿಷಯ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಸಿಟಿಯಲ್ಲಿ ಸಾರ್ವಜನಿಕ ಶೌಚಾಲಯಗಳು ಬೇಕಾದಷ್ಟಿವೆ, ದುಡ್ಡು ಕೇಳಲ್ಲ. ನೀರು ಕುಡಿಯದೇ ತಡೆದುಕೊಂಡು ಹೊರಡುವ ಅಗತ್ಯ ಇಲ್ಲ. ನಲ್ಲಿ ನೀರನ್ನೇ ಕುಡಿಯಬಹುದು, ಬಾಟಲಿ ಜೊತೆಗಿರಲಿ.

ಫ್ಲಿಂಡರ್ಸ್ ಸ್ಟೇಷನ್ ಪಕ್ಕದ ಸೇತುವೆ ಮೇಲೆ ಯಾರಾ ನದಿ ದಾಟಿದರೆ ನ್ಯಾಷನಲ್ ಗ್ಯಾಲರಿ ಸಿಗುತ್ತೆ. ಖಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಬಾಗಿಲಲ್ಲೇ ಗಾಜಿನ ಮೇಲೆ ನೀರು ಇಳಿಯುವ ಗೋಡೆ ಇದೆ. ಒಳಗಿನ ದೊಡ್ಡ ಹಾಲ್‌ನ ಚಾವಣಿ ಪೂರ್ತಿ ಬಣ್ಣದ ಗಾಜು. ಜನ ನೆಲದ ಮೇಲೆ ಅಂಗಾತ ಮಲಗಿ ಅದನ್ನು ನೋಡುತ್ತಾರೆ. ಸಂಕೋಚ ಬೇಡ, ನೀವೂ ಮಲಗಿ ನೋಡಿ. ಅಲ್ಲಿಂದ ಸ್ವಲ್ಪ ಮುಂದೆ 1846ರ ಬೊಟಾನಿಕಲ್ ಗಾರ್ಡನ್. ನಮ್ಮ ಲಾಲ್‌ಬಾಗ್ ಇಷ್ಟಪಡುವವರು ಒಂದು ಇಡೀ ದಿನ ಅಲ್ಲೇ ಕಳೆಯಬಹುದು.

ಯಜಮಾನರಿಗೆ ಕ್ರಿಕೆಟ್ ಇಷ್ಟವಿದ್ದರೆ ಎಂಸಿಜಿಗೆ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ, ಕಳಿಸಲೇಬೇಕು. ಫ್ಲಿಂಡರ್ಸ್ ಸ್ಟೇಷನ್ನಿಂದ ನದಿ ಪಕ್ಕ ನಡೆದುಕೊಂಡೇ ಹೋಗಬಹುದು. 1877ರಲ್ಲಿ ಮೊಟ್ಟಮೊದಲ ಟೆಸ್ಟ್ ನಡೆದ ಮೈದಾನ ಇದು. ಕನ್ನಡದವರಿಗೆ ಇನ್ನೂ ಹತ್ತಿರದ್ದು. 1977ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಟೆಸ್ಟ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್ ತೆಗೆದರು. ಎರಡೂ ಸಲ ಅದೇ ಲೆಕ್ಕ! ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರ್ವಾಲ್ 2018ರಲ್ಲಿ ಮೊದಲ ಟೆಸ್ಟ್ ಆಡಿದ್ದೂ ಇಲ್ಲೇ. ಪಂದ್ಯ ಇಲ್ಲದ ದಿನ ಟಿಕೆಟ್ ತೆಗೆದುಕೊಂಡು ಒಳಗೆಲ್ಲಾ ನೋಡಿ ಬರಬಹುದು. 69 ವರ್ಷದವರು ಅಂದರೆ ಆ ಪಂದ್ಯದ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿ ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದವರೇ ಇರಬೇಕು. ಆ ಮೆಟ್ಟಿಲ ಮೇಲೆ ಅವರನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಬಿಡಿ.

ಊಟಕ್ಕೆ ನನ್ನ ಸಲಹೆ ಡಬ್ಬಿ. ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ. ಪಾರ್ಕಿನಲ್ಲಿ, ಲೈಬ್ರರಿ ಮುಂದಿನ ಹುಲ್ಲಿನ ಮೇಲೆ ಜನ ಕೂತು ತಿನ್ನುತ್ತಲೇ ಇರುತ್ತಾರೆ. ಕಾಫಿಗೆ ಮಾತ್ರ ಒಮ್ಮೆ ಡಿಗ್ರೇವ್ಸ್ ಬೀದಿಯಂಥ ಓಣಿಗೆ ಹೋಗಿ ಕೂರಿ. ಈ ಊರಿನವರಿಗೆ ಕಾಫಿ ಅಂದರೆ ನಮ್ಮಷ್ಟೇ ಹುಚ್ಚು. ಲಾಟೆಯನ್ನು "ಸ್ಟ್ರಾಂಗ್" ಅಂತ ಕೇಳಿ ಸಕ್ಕರೆ ಹಾಕಿಕೊಂಡರೆ ನಮ್ಮ ಫಿಲ್ಟರ್ ಕಾಫಿ ಕುಡಿಯುವವರಿಗೆ ಹಿಡಿಸುತ್ತೆ. ಚಾಯ್ ಲಾಟೆ ನಮ್ಮ ಚಹಾ ಅಲ್ಲ, ಮಸಾಲೆ ಪರಿಮಳದ ಸಿಹಿ ಹಾಲು ಅಂದುಕೊಳ್ಳಿ. ಸಂಜೆ ಕಾಫಿ ಅಭ್ಯಾಸ ಇದ್ದರೆ ಮನೆಗೆ ಬಂದೇ ಕುಡಿಯಬೇಕು, ಯಾಕಂದರೆ ಬಹಳಷ್ಟು ಕೆಫೆಗಳು ಮೂರು ನಾಲ್ಕು ಗಂಟೆಗೇ ಮುಚ್ಚುತ್ತವೆ. ಕೆಲವು ಕಡೆ ನಗದು ತೆಗೆದುಕೊಳ್ಳೋದೇ ಇಲ್ಲ. ನಿಮ್ಮ ಹತ್ತಿರ ನಿಮ್ಮದೇ ಒಂದು ಕಾರ್ಡು ಇರಲಿ. ಪ್ರತಿ ಸಲ ಮಗಳನ್ನು ಕೇಳುವ ಹಾಗಾದರೆ ಹೊರಗೆ ಹೋಗುವ ಮನಸ್ಸೇ ಹಿಂದೆ ಸರಿಯುತ್ತೆ.

ಅಂಗಡಿಯವರು "ಹೌ ಯು ಗೋಯಿಂಗ್?" ಅಂತ ಕೇಳುತ್ತಾರೆ. ಹೇಗೆ ಹೋಗ್ತೀರಿ ಅಂತಲ್ಲ, ಹೇಗಿದ್ದೀರಿ ಅಂತ. "ಗುಡ್, ಥ್ಯಾಂಕ್ಸ್" ಅಂದರೆ ಮುಗಿಯಿತು. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳೋದು ಇಲ್ಲಿನ ರೂಢಿ. ಅಮ್ಮ ಅದನ್ನು ಬಹಳ ಬೇಗ ಕಲಿತರು, ಬೆಂಗಳೂರಿಗೆ ಹಿಂದಿರುಗಿದ ಮೇಲೂ ಬಿಟ್ಟಿಲ್ಲ.

ಹವೆಯನ್ನು ಮಾತ್ರ ನಂಬಬೇಡಿ. ಬೇಸಿಗೆಯಲ್ಲಿ ಬೆಳಗ್ಗೆ ಉತ್ತರದಿಂದ ಒಲೆಯ ಮುಂದೆ ನಿಂತ ಹಾಗೆ ಬಿಸಿಗಾಳಿ, ಮಧ್ಯಾಹ್ನ ಗಾಳಿ ತಿರುಗಿ ದಕ್ಷಿಣದಿಂದ ಬೀಸಿದರೆ ಒಂದೇ ಗಂಟೆಯಲ್ಲಿ ಸ್ವೆಟರ್ ಬೇಕು. ಚೀಲದಲ್ಲಿ ಸ್ವೆಟರ್, ಕೊಡೆ ಎರಡೂ ಇರಲಿ. ಬಿಸಿಲು ತಣ್ಣಗಿದ್ದರೂ ಚರ್ಮ ಸುಡುತ್ತೆ, ಟೋಪಿ ಮರೆಯಬೇಡಿ. ನಮ್ಮ ಏಪ್ರಿಲ್, ಮೇ ರಜೆ ಅಲ್ಲಿ ಎಲೆ ಉದುರುವ ಕಾಲ. ಜೂನ್‌ನಲ್ಲಿ ಐದೂಕಾಲಿಗೆಲ್ಲಾ ಸೂರ್ಯ ಮುಳುಗಿರುತ್ತಾನೆ.

ಮೊದಲ ಸಲ ನೀವಿಬ್ಬರೇ ಹೊರಡುವ ದಿನ ಗುರುವಾರ ಇಟ್ಟುಕೊಳ್ಳಿ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ತೆರೆದಿರುತ್ತೆ. ಸೋಮವಾರ, ಬುಧವಾರ ಹಗಲು ಅದಕ್ಕೆ ರಜೆ. ಬೆಳಗ್ಗೆ ಒಂಬತ್ತೂವರೆ ಮೇಲೆ ಹೊರಟರೆ ರೈಲಿನಲ್ಲಿ ಕೂರಲು ಜಾಗ ಸಿಗುತ್ತೆ. ಮಾರ್ಕೆಟ್ಟಿಗೂ ಉಚಿತ ಟ್ರಾಂ ಇದೆ. 1878ರಿಂದ ನಡೆಯುತ್ತಿರುವ ಸಂತೆ, ತರಕಾರಿಯವರು ನಮ್ಮವರ ಹಾಗೇ ಕೂಗುತ್ತಾರೆ. ಮುಚ್ಚುವ ಹೊತ್ತಿಗೆ ಬೆಲೆ ಇಳಿಸುತ್ತಾರೆ. ಆದರೆ ಅದಕ್ಕೆ ಕಾಯಬೇಡಿ, ಮೂರೂವರೆ ಒಳಗೆ ಸದರ್ನ್ ಕ್ರಾಸ್‌ಗೆ ಬಂದುಬಿಡಿ. ನಾಲ್ಕೂವರೆ ಆದರೆ ಟಾರ್ನೀಟ್ ರೈಲಿನಲ್ಲಿ ಕಾಲಿಡಲು ಜಾಗ ಇರಲ್ಲ. ಬರುವಾಗ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ. ಮಗಳು ಮನೆಗೆ ಬರುವಷ್ಟರಲ್ಲಿ ಸಾರಿಗೆ ಬಿದ್ದಿರುತ್ತೆ.